ಎತ್ತಂಗಡಿ

ಅಧಿಕಾರಿಯೊಬ್ಬರನ್ನು ದಿಢೀರನೆ ವರ್ಗ ಮಾಡಿದರೆ ಪತ್ರಿಕೆಗಳು ‘ಎತ್ತಂಗಡಿ’ ಎಂದು ಬರೆಯುತ್ತವೆ. ಆ ಪದದೊಳಗೆ ಒಂದು ಅಂಗಡಿ ಕೂತಿರುವುದನ್ನು ಓದುವ ನಾವು ಗಮನಿಸುವುದಿಲ್ಲ. ಬೆಂಗಳೂರಿನ ಗಾಂಧಿಬಜಾರಿನ ಫುಟ್‌ಪಾತಿನಲ್ಲಿ ಕೂರುವ ಹೂವಾಡಗಿತ್ತಿಗೆ ಅದು ಚೆನ್ನಾಗಿ ಗೊತ್ತು.

ಅವಳ ದಿನ ಶುರುವಾಗುವುದು ಗಾಂಧಿಬಜಾರಿನಲ್ಲಲ್ಲ, ಕತ್ತಲು ಹರಿಯುವ ಮುನ್ನ ಕೆ.ಆರ್. ಮಾರುಕಟ್ಟೆಯಲ್ಲಿ. ಕನಕಾಂಬರ, ಕಾಕಡ, ಸೇವಂತಿಗೆಯನ್ನು ಕೆ.ಜಿ. ಲೆಕ್ಕದಲ್ಲಿ ಕೊಂಡು, ಆಟೋಗೆ ಹಾಕಿ ತಂದು, ಕೂತಲ್ಲೇ ಕಟ್ಟಿ ಮೊಳದ ಲೆಕ್ಕದಲ್ಲಿ ಮಾರಬೇಕು. ತೂಕದಲ್ಲಿ ಕೊಂಡದ್ದನ್ನು ಉದ್ದದಲ್ಲಿ ಮಾರುವ ವ್ಯಾಪಾರ ಇದು; ಬೆರಳು ಚುರುಕಿದ್ದಷ್ಟೂ ಲಾಭ. (ಉದ್ದ ಕೈಯ ಗಿರಾಕಿ ತಾನೇ ಮೊಳ ಹಾಕಲು ಬಂದರೆ ಅವಳು ಬಿಡುವುದಿಲ್ಲ, ಬಿಡಲೂಬಾರದು.) ಶ್ರಾವಣದಲ್ಲಿ ಕೈತುಂಬ ಗಿರಾಕಿ, ಮದುವೆಯಿಲ್ಲದ ಆಷಾಢದಲ್ಲಿ ನೊಣ ಓಡಿಸುವ ಕೆಲಸ. ಹತ್ತಿರ ಶೌಚಾಲಯವಿಲ್ಲದ ಕಡೆ ಕೂರುವ ಹೆಂಗಸರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ.

ಬಂಡವಾಳಕ್ಕೆ ದಿನದ ಬಡ್ಡಿಯವರಿದ್ದಾರೆ: ಬೆಳಿಗ್ಗೆ 900 ಪಡೆದರೆ ರಾತ್ರಿ 1,000 ಎಣಿಸಬೇಕು. ಇದನ್ನು ತಪ್ಪಿಸಲೆಂದೇ 2018ರಲ್ಲಿ ರಾಜ್ಯ ಸರ್ಕಾರ ‘ಬಡವರ ಬಂಧು’ ತಂದಿತು. ಸಹಕಾರ ಬ್ಯಾಂಕುಗಳಿಂದ 10,000 ರೂಪಾಯಿವರೆಗೆ ಬಡ್ಡಿಯಿಲ್ಲದ ಸಾಲ. 2020ರಲ್ಲಿ ಕೇಂದ್ರದ ‘ಪಿಎಂ ಸ್ವನಿಧಿ’ ಬಂತು. ಸಾಲವೇನೋ ಹುಟ್ಟುತ್ತದೆ. ಆದರೆ ಬೀದಿ ವ್ಯಾಪಾರಿಯ ನಿಜವಾದ ಬಂಡವಾಳ ಹಣವಲ್ಲ, ಕೂರುವ ಜಾಗ.

ಜಾಗದ ವಿಷಯದಲ್ಲಿ 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಉದಾರವಾಗಿಯೇ ಮಾತಾಡುತ್ತದೆ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವತನಕ ಯಾರನ್ನೂ ಎಬ್ಬಿಸುವಂತಿಲ್ಲ. ಆಮೇಲೂ 30 ದಿನ ಮೊದಲು ನೋಟಿಸ್ ಕೊಡಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರು. ವಶಪಡಿಸಿಕೊಂಡ ಸರಕಿಗೆ ಪಟ್ಟಿ ಕೊಡಬೇಕು. ಕೆಟ್ಟುಹೋಗುವಂಥದ್ದಾದರೆ ಕೇಳಿದ ದಿನವೇ ಹಿಂದಿರುಗಿಸಬೇಕು. ಬರೆದವರಿಗೆ ಹೂವಿನ ಸಂಗತಿ ಗೊತ್ತಿದ್ದಂತಿಲ್ಲ. ಗೌರಿಹಬ್ಬದ ಬೆಳಿಗ್ಗೆ ಲಾರಿ ಹತ್ತಿದ ಬುಟ್ಟಿ ‘ಅದೇ ದಿನ’ ಸಂಜೆ ಇಳಿದರೆ ಅದರಲ್ಲಿರುವುದು ಕಸ.

ಜಾಗವೆಂದರೆ ನಾಲ್ಕಡಿ ನೆಲವಷ್ಟೇ ಅಲ್ಲ. ಸುತ್ತಲಿನ ಬೀದಿಗಳಲ್ಲಿ ಅವಳಿಗೆ ವರ್ತನೆಯ ಮನೆಗಳಿರುತ್ತವೆ. ದಿನಾ ಇಂತಿಷ್ಟು ಹೂವು, ತಿಂಗಳಿಗೊಮ್ಮೆ ದುಡ್ಡು. ಬೋಣಿ ಮಾಡಿ ಹೋಗುವ ಅಜ್ಜ, ಬಾಕಿ ಉಳಿಸಿಕೊಂಡ ಕಾಲೇಜು ಹುಡುಗಿ, ಚೀಲ ನೋಡಿಕೊಳ್ಳುವ ಪಕ್ಕದ ಸೊಪ್ಪಿನವಳು, ಎಲ್ಲರೂ ಆ ಜಾಗದ ಲೆಕ್ಕಕ್ಕೇ ಸೇರಿದವರು. ರಸ್ತೆ ಅಗೆದಾಗಲೋ ‘ತೆರವು’ ನಡೆದಾಗಲೋ ಇನ್ನೂರು ಹೆಜ್ಜೆ ಆಚೆ ಹೋಗಿ ಕೂತರೂ ಈ ಲೆಕ್ಕ ಮತ್ತೆ ಮೊದಲಿನಿಂದ.

ಆಗ ವರ್ತನೆಯ ಮನೆಗಳಿಗೆ ಫೋನ್ ಮಾಡಿ ಹೊಸ ಗುರುತು ಹೇಳುತ್ತಾಳೆ: “ಅಮ್ಮ, ಈಗ ಬ್ಯಾಂಕಿನ ಎದುರಿಗಿದೀನಿ, ಎಳನೀರು ಗಾಡಿ ಪಕ್ಕ.” ಎಳನೀರು ಗಾಡಿ ಅಲ್ಲಿ ಇನ್ನೆಷ್ಟು ದಿನವೋ.