ಒಂದು ಬಾಗಿಲು ಕೂರಿಸುವ ಕೆಲಸ

ಸೆಕೆಂಡ್ ಲೈಫ್ ಎಂಬ ಆನ್‌ಲೈನ್ ಲೋಕದಲ್ಲಿ ನಾನು ಮಾಡಿದ ಮೊದಲ ಬಾಗಿಲು ಮುಟ್ಟಿದರೆ ತಿರುಗುತ್ತಿತ್ತು, ನಿಜ. ಆದರೆ ದೊಡ್ಡ ಹೋಟೆಲುಗಳ ಗಾಜಿನ ಬಾಗಿಲಿನ ಹಾಗೆ ನಟ್ಟನಡುವೆ ಅಚ್ಚು ಇಟ್ಟುಕೊಂಡು ತಿರುಗುತ್ತಿತ್ತು. ಅರ್ಧ ಹಲಗೆ ಮನೆಯೊಳಗೆ, ಇನ್ನರ್ಧ ಜಗುಲಿಯ ಮೇಲೆ. ಅದನ್ನು ಸರಿಮಾಡಿ ಮತ್ತೆ ಮುಟ್ಟಿದೆ. ಈ ಸಲ ಬಾಗಿಲಿನ ಜೊತೆಗೆ ಇಡೀ ಮನೆಯೇ ತೊಂಬತ್ತು ಡಿಗ್ರಿ ತಿರುಗಿ ನಿಂತಿತು. ಎರಡೂ ಎಡವಟ್ಟುಗಳಿಗೆ ಕಾರಣ ಇದೆ. ಆ ಕಾರಣಗಳನ್ನು ಹಿಡಿದು ಹೋದರೆ ಆ ಲೋಕ ಒಳಗಿನಿಂದ ಹೇಗೆ ನಡೆಯುತ್ತದೆ ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ.

ಸೆಕೆಂಡ್ ಲೈಫ್ ಅನ್ನು ಸ್ಯಾನ್ ಫ್ರಾನ್ಸಿಸ್ಕೋದ ಲಿಂಡನ್ ಲ್ಯಾಬ್ ಕಂಪನಿ ಜನರಿಗೆ ತೆರೆದದ್ದು 2003ರ ಜೂನ್‌ನಲ್ಲಿ. ಅದನ್ನು ಆಟ ಅನ್ನುವವರಿದ್ದಾರೆ. ಅಂಕವಿಲ್ಲದ, ಸೋಲು ಗೆಲುವಿಲ್ಲದ, ಮುಗಿಯುವುದೆಂಬುದೇ ಇಲ್ಲದ ವಸ್ತುವನ್ನು ಆಟ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಕಂಪನಿ ಕೊಟ್ಟದ್ದು ಮುಖ್ಯವಾಗಿ ನೆಲ, ನೀರು, ಆಕಾಶ ಮತ್ತು ಕಟ್ಟುವ ಸಲಕರಣೆ. ಮನೆ, ಅಂಗಡಿ, ದೋಣಿ, ಉಟ್ಟ ಬಟ್ಟೆ, ತಲೆಗೂದಲು ಹೀಗೆ ಬಹುಪಾಲು ಎಲ್ಲವೂ ಅಲ್ಲಿಗೆ ಬಂದ ಜನ ಮಾಡಿದ್ದು. ಅದೂ ಬೇರೆಲ್ಲೋ ಮಾಡಿ ತಂದು ಇಟ್ಟದ್ದಲ್ಲ, ಅಲ್ಲೇ ನಿಂತು ಮಾಡಿದ್ದು. ನೀವು ಒಂದು ಗೋಡೆಯನ್ನು ಎಳೆದು ಉದ್ದ ಮಾಡುತ್ತಿದ್ದರೆ ಪಕ್ಕದಲ್ಲಿ ನಿಂತವರಿಗೆ ಅದು ಉದ್ದವಾಗುವುದು ಕಾಣುತ್ತದೆ. ನಮ್ಮ ಮಕ್ಕಳು ಆಡುವ ಮೈನ್‌ಕ್ರಾಫ್ಟ್‌ನಲ್ಲಿ ಲೋಕವೆಲ್ಲ ಒಂದು ಮೀಟರಿನ ಘನಗಳಿಂದ ಆಗಿದೆ, ಬಾಗಿಲು ಸಿದ್ಧವಾಗಿ ಸಿಗುತ್ತದೆ. ಇಲ್ಲಿ ಬಾಗಿಲು ಎಂಬ ವಸ್ತುವೇ ಇಲ್ಲ. ನೀವು ಹೇಳಿದರೆ ಉಂಟು.

ಕಟ್ಟುವ ಮೊದಲು ಸ್ವಲ್ಪ ದಿನ ಸುಮ್ಮನೆ ತಿರುಗಾಡುವುದು ಒಳ್ಳೆಯದು. ಖಾತೆ ತೆರೆಯಲು ದುಡ್ಡು ಕೊಡಬೇಕಿಲ್ಲ. ನಿಮ್ಮ ಪರವಾಗಿ ಓಡಾಡುವ ಗೊಂಬೆಗೆ ಅಲ್ಲಿ ಅವತಾರ್ ಎಂದು ಹೆಸರು. ನಮ್ಮ ಮಾತೇ ಅಮೆರಿಕಕ್ಕೆ ಹೋಗಿ, ಬಾಲ ಕತ್ತರಿಸಿಕೊಂಡು ವಾಪಸು ಬಂದಿದೆ. ಆ ಗೊಂಬೆ ನಡೆಯುತ್ತದೆ, ಹಾರುತ್ತದೆ, ನಕ್ಷೆಯಲ್ಲಿ ಒಂದು ಜಾಗ ಒತ್ತಿದರೆ ಆ ಕ್ಷಣ ಅಲ್ಲಿರುತ್ತದೆ. ಈ ಕೊನೆಯ ಅನುಕೂಲ ಮೊದಲಿನಿಂದ ಇರಲಿಲ್ಲ. 2005ರ ಕೊನೆಯವರೆಗೆ ಗೊತ್ತುಮಾಡಿದ ನಿಲ್ದಾಣಗಳಲ್ಲಿ ಇಳಿದು ಅಲ್ಲಿಂದ ಮುಂದಕ್ಕೆ ಹಾರಿ ಹೋಗಬೇಕಿತ್ತು. ಬಸ್ ಸ್ಟ್ಯಾಂಡ್ ಪಕ್ಕದ ಮಳಿಗೆಗೆ ಇರುವಂಥದೇ ಬೇಡಿಕೆ ಆ ನಿಲ್ದಾಣಗಳ ಪಕ್ಕದ ನೆಲಕ್ಕೂ ಇತ್ತು.

ನೆಲವನ್ನು ಚೌಕಗಳಾಗಿ ಹಂಚಿದ್ದಾರೆ. ಒಂದೊಂದೂ 256 ಮೀಟರ್ ಉದ್ದ, ಅಷ್ಟೇ ಅಗಲ. ಇದಕ್ಕೆ ರೀಜನ್ ಎಂದು ಹೆಸರು. ಪ್ರತಿ ರೀಜನ್ನನ್ನೂ ಅದರದೇ ಆದ ಒಂದು ಸರ್ವರ್ ಪ್ರೋಗ್ರಾಂ ನೋಡಿಕೊಳ್ಳುತ್ತದೆ. ಯಾರು ಎಲ್ಲಿ ನಿಂತಿದ್ದಾರೆ, ಯಾವ ಚೆಂಡು ಎತ್ತ ಉರುಳುತ್ತಿದೆ ಎಂಬ ಲೆಕ್ಕವನ್ನು ಅದು ಸೆಕೆಂಡಿಗೆ 45 ಸಲ ಮಾಡುತ್ತದೆ. ಈ ಏರ್ಪಾಡು ಕಣ್ಣಿಗೆ ಬೀಳಬೇಕಾದರೆ ಬ್ಲೇಕ್ ಸೀ ಎಂಬ ಕಡಲಿನಲ್ಲಿ ಹಾಯಿದೋಣಿ ನಡೆಸಬೇಕು. ಸಾಗುತ್ತಾ ಸಾಗುತ್ತಾ ದೋಣಿ ಒಂದು ಕ್ಷಣ ತಡವರಿಸುತ್ತದೆ. ಆ ಕ್ಷಣದಲ್ಲಿ ಒಂದು ಸರ್ವರ್ ನಿಮ್ಮನ್ನು, ನಿಮ್ಮ ದೋಣಿಯನ್ನು, ನೀವು ತೊಟ್ಟ ಸಾಮಾನುಗಳನ್ನೆಲ್ಲ ಗಂಟುಕಟ್ಟಿ ಪಕ್ಕದ ಸರ್ವರಿಗೆ ಒಪ್ಪಿಸುತ್ತಿರುತ್ತದೆ. ಗಂಟು ದೊಡ್ಡದಿದ್ದಷ್ಟೂ ತಡ. ಕೆಲವೊಮ್ಮೆ ದೋಣಿ ಆಚೆ ತಲುಪಿ, ನಾವಿಕ ಈಚೆ ನೀರಿನಲ್ಲಿ ಉಳಿಯುವುದೂ ಉಂಟು.

ನೋಡಲೇಬೇಕಾದ ಇನ್ನೊಂದು ಜಾಗದ ಹೆಸರು ಸ್ವರ್ಗ. 2006ರ ಸುಮಾರಿಗೆ ಹೆಸರಾದ ದ್ವೀಪ. ಅಲ್ಲಿನ ಮೋಡ, ಮಳೆ, ಜೇನು, ಗಿಡ ಎಲ್ಲವೂ ಒಂದನ್ನೊಂದು ನಂಬಿಕೊಂಡು ಬೆಳೆಯುವಂತೆ ಸೂಚನೆಗಳನ್ನು ಬರೆಯಲಾಗಿತ್ತು. ಅಂಥದ್ದನ್ನು ಮಾಡಿದವರಿಗೂ ಕಟ್ಟಲು ಸಿಕ್ಕಿದ್ದು ನಮಗೆ ಸಿಗುವ ಅದೇ ಪೆಟ್ಟಿಗೆ, ಅದೇ ಉರುಳೆ.

ಈ ಮೂಲವಸ್ತುವಿಗೆ ಪ್ರಿಮ್ ಎನ್ನುತ್ತಾರೆ. ಪೆಟ್ಟಿಗೆ, ಉರುಳೆ, ಗೋಳ, ಬಳೆಯಾಕಾರ ಹೀಗೆ ಬೆರಳೆಣಿಕೆಯ ಆಕಾರಗಳು. ಪ್ರತಿಯೊಂದನ್ನೂ ಎಳೆಯಬಹುದು, ಕೊರೆಯಬಹುದು, ತಿರುಚಬಹುದು, ಕತ್ತರಿಸಬಹುದು. ಇಷ್ಟು ಬಡತನದ ಸಲಕರಣೆ ಏಕೆ ಎಂದರೆ, ಅದು 2003ರ ಇಂಟರ್‌ನೆಟ್. ಮನೆಯೊಂದರ ಪೂರ್ತಿ ಆಕಾರವನ್ನು ನೋಡುವ ಪ್ರತಿಯೊಬ್ಬರಿಗೂ ಕಳಿಸುವಷ್ಟು ವೇಗ ಆಗ ಇರಲಿಲ್ಲ. ಮಾಸಪತ್ರಿಕೆಗಳಲ್ಲಿ ರಂಗೋಲಿ ಹಾಕುವ ಬಗೆ ನೆನಪಿರಬಹುದು: 15 ಚುಕ್ಕಿ, ಸಂದು ಚುಕ್ಕಿ ಇಡುತ್ತಾ 8ರವರೆಗೆ. ಇಷ್ಟು ಹೇಳಿದರೆ ಸಾಕು, ಅಂಗಳದಷ್ಟು ದೊಡ್ಡ ಚುಕ್ಕಿಗಳ ಹಾಸು ಓದಿದವರ ಮನೆಯಲ್ಲಿ ತಯಾರು. ಪ್ರಿಮ್ ಕೂಡ ಹಾಗೆಯೇ. ಸರ್ವರ್ ನಿಮಗೆ ಗೋಡೆಯನ್ನು ಕಳಿಸುವುದಿಲ್ಲ. ‘ಪೆಟ್ಟಿಗೆ, ಇಷ್ಟು ಉದ್ದ, ಇಷ್ಟು ಕತ್ತರಿಸಿದೆ, ಇಂಥ ಚಿತ್ರ ಅಂಟಿಸಿದೆ’ ಎಂಬ ಒಂದು ಸಾಲು ಕಳಿಸುತ್ತದೆ. ಗೋಡೆಯನ್ನು ಬಿಡಿಸುವುದು ನಿಮ್ಮ ಕಂಪ್ಯೂಟರು.

ಕಲಿಯಲು ನೆಲ ಕೊಳ್ಳಬೇಕಿಲ್ಲ. ಸ್ಯಾಂಡ್‌ಬಾಕ್ಸ್ ಎಂಬ ಸಾರ್ವಜನಿಕ ಬಯಲುಗಳಿವೆ, ಯಾರು ಬೇಕಾದರೂ ಕಟ್ಟಬಹುದು. ನೆಲದ ಮೇಲೆ ಮೌಸಿನ ಬಲಗುಂಡಿ ಒತ್ತಿ ಬಿಲ್ಡ್ ಎಂದರೆ ಒಂದು ಪೆಟ್ಟಿಗೆ ಬಂದು ಕೂರುತ್ತದೆ. ಅದರ ಮೈಯಿಂದ ಮೂರು ಬಣ್ಣದ ಬಾಣಗಳು ಹೊರಡುತ್ತವೆ. ಕೆಂಪು ಎಕ್ಸ್, ಹಸಿರು ವೈ, ನೀಲಿ ಜೆಡ್, ಅಂದರೆ ಎತ್ತರ. ಬಾಣ ಹಿಡಿದು ಎಳೆದರೆ ಆ ದಿಕ್ಕಿಗೆ ಮಾತ್ರ ಸರಿಯುತ್ತದೆ. ಶಿಫ್ಟ್ ಒತ್ತಿಕೊಂಡು ಎಳೆದರೆ ಅದೇ ಅಳತೆಯ ಇನ್ನೊಂದು ಹುಟ್ಟುತ್ತದೆ. ನಾಲ್ಕು ಗೋಡೆಗೆ ನಾಲ್ಕು ಸಲ ಅಳೆಯುವ ಕೆಲಸ ಹೀಗೆ ತಪ್ಪುತ್ತದೆ. ಆದರೂ ಕೈಯಲ್ಲಿ ಎಳೆಯುವುದಕ್ಕಿಂತ ಅಳತೆಯನ್ನು ಅಂಕಿಯಲ್ಲೇ ಬರೆಯುವ ಅಭ್ಯಾಸ ಮಾಡಿಕೊಳ್ಳಿ. ಕಣ್ಣಂದಾಜಿನಲ್ಲಿ ಕೂಡಿಸಿದ ಮೂಲೆ ದೂರದಿಂದ ಚೆನ್ನಾಗಿರುತ್ತದೆ, ಹತ್ತಿರ ಹೋದರೆ ಆಚೆಯ ಆಕಾಶ ಇಣುಕುತ್ತದೆ. ಎರಡು ಹಾಳೆಗಳು ಒಂದೇ ಮಟ್ಟದಲ್ಲಿ ಒಂದರ ಮೇಲೊಂದು ಬಂದರೂ ತೊಂದರೆಯೇ. ಯಾವುದು ಮೇಲೆ ಎಂದು ತೀರ್ಮಾನಿಸಲಾಗದೆ ಕಂಪ್ಯೂಟರು ಎರಡನ್ನೂ ಪಟಪಟನೆ ಮಿನುಗಿಸುತ್ತದೆ. ಒಂದನ್ನು ಒಂದು ಸೆಂಟಿಮೀಟರ್ ಸರಿಸಿದರೆ ಜಗಳ ಮುಗಿಯಿತು.

ಈಗ ಬಾಗಿಲಿಗೆ ಬರೋಣ. ಹಳೆಯ ಮನೆಗಳಲ್ಲಿ ಬಡಗಿ ಹಲಗೆಯ ಒಂದು ಅಂಚಿನಲ್ಲಿ ಮೇಲೊಂದು ಕೆಳಗೊಂದು ಗೂಟ ಬಿಟ್ಟು, ಚೌಕಟ್ಟಿನ ಕುಳಿಗಳಲ್ಲಿ ಕೂರಿಸುತ್ತಿದ್ದ. ಬಾಗಿಲು ಆ ಅಂಚಿನ ಸುತ್ತ ತಿರುಗುವುದು ಮರಕ್ಕೆ ಬೇರೆ ದಾರಿಯಿಲ್ಲದ ಕಾರಣ. ಪ್ರಿಮ್‌ಗೆ ಗೂಟವಿಲ್ಲ, ಕುಳಿಯಿಲ್ಲ, ಚೌಕಟ್ಟಿನ ಹಂಗೂ ಇಲ್ಲ. ತಿರುಗು ಎಂದರೆ ಅದು ತನ್ನ ಕೇಂದ್ರದ ಸುತ್ತ ತಿರುಗುತ್ತದೆ. ಕೇಂದ್ರವನ್ನು ಅಂಚಿಗೆ ತರುವ ಗುಂಡಿ ಎಲ್ಲೂ ಇಲ್ಲ.

ಅಲ್ಲಿನ ಕುಶಲಿಗಳು ಕಂಡುಕೊಂಡ ಉಪಾಯ ನನಗೆ ಈಗಲೂ ಖುಷಿ ಕೊಡುತ್ತದೆ. ಬಾಗಿಲಿನ ಅಗಲ ಒಂದೂವರೆ ಮೀಟರ್ ಬೇಕೆಂದರೆ ಮೂರು ಮೀಟರಿನ ಹಲಗೆ ಮಾಡಿ. ಆಮೇಲೆ ಪಾತ್ ಕಟ್ ಎಂಬ ಜಾಗದಲ್ಲಿ 0.125ರಿಂದ 0.625 ಎಂದು ಬರೆಯಿರಿ. ಹಲಗೆ ಸರಿಯಾಗಿ ಅರ್ಧಕ್ಕೆ ಕತ್ತರಿಸಿ ಹೋಗುತ್ತದೆ. (ಉದ್ದಕ್ಕೆ ಸೀಳಿ ತೆಳ್ಳಗಾದರೆ 0.375ರಿಂದ 0.875 ಹಾಕಿ.) ಕಣ್ಣಿಗೆ ಅರ್ಧ ಹೋಯಿತು. ಲೆಕ್ಕದಲ್ಲಿ ಮಾತ್ರ ಅದು ಇನ್ನೂ ಮೂರು ಮೀಟರಿನ ಹಲಗೆ, ಕೇಂದ್ರ ಇನ್ನೂ ಹಳೆಯ ಜಾಗದಲ್ಲೇ. ಆ ಹಳೆಯ ಜಾಗ ಈಗ ಉಳಿದ ಅರ್ಧದ ಅಂಚಾಗಿದೆ! ತಿರುಗಿಸಿದರೆ ಕೀಲಿಗೆ ಹಾಕಿದ ಹಾಗೆ ತೆರೆದುಕೊಳ್ಳುತ್ತದೆ.

ತಿರುಗಿಸುವ ಮಾತನ್ನು ಹೇಳಲು ಲಿಂಡನ್ ಸ್ಕ್ರಿಪ್ಟಿಂಗ್ ಲ್ಯಾಂಗ್ವೇಜ್ ಎಂಬ ಪುಟ್ಟ ಭಾಷೆ ಇದೆ. ಪ್ರಿಮ್‌ನೊಳಗೆ ಹೊಸ ಸ್ಕ್ರಿಪ್ಟ್ ಹಾಕಿದ ಕೂಡಲೆ ಅದು ‘ಹಲೋ, ಅವತಾರ್!’ ಅನ್ನುತ್ತದೆ. ಆ ದನಿ 20 ಮೀಟರಿನವರೆಗೆ ಕೇಳುತ್ತದೆ. ಪಿಸುಮಾತಾದರೆ 10, ಕೂಗಾದರೆ 100. ಈ ಭಾಷೆಯಲ್ಲಿ ಬರೆದ ವಸ್ತು ತಾನಾಗಿ ಏನನ್ನೂ ಮಾಡುತ್ತಾ ಕೂರುವುದಿಲ್ಲ, ಏನಾದರೂ ಆಗಲಿ ಎಂದು ಕಾಯುತ್ತದೆ. ಯಾರೋ ಮುಟ್ಟಿದರು, ಯಾರೋ ಡಿಕ್ಕಿ ಹೊಡೆದರು, ಸಮಯ ಆಯಿತು, ಮಾತು ಕೇಳಿತು. ಬಾಗಿಲಿಗೆ ಬೇಕಾದ್ದು ಎರಡು ಸ್ಥಿತಿ ಮಾತ್ರ. ಮುಚ್ಚಿದ ಸ್ಥಿತಿಯಲ್ಲಿದ್ದಾಗ ಮುಟ್ಟಿದರೆ ಇಷ್ಟು ತಿರುಗಿ ತೆರೆದ ಸ್ಥಿತಿಗೆ ಹೋಗು. ತೆರೆದಾಗ ಮುಟ್ಟಿದರೆ ಅಷ್ಟೇ ಹಿಂದಕ್ಕೆ ತಿರುಗಿ ಮುಚ್ಚಿದ ಸ್ಥಿತಿಗೆ ಬಾ. ಹತ್ತು ಹನ್ನೆರಡು ಸಾಲಿನ ಕೆಲಸ.

ಹೊಸಬರು ಇಲ್ಲಿ ತಪ್ಪದೆ ಬೀಳುವ ಹಳ್ಳ ಒಂದಿದೆ. ಭಾಷೆ ಕೋನವನ್ನು ರೇಡಿಯನ್‌ನಲ್ಲಿ ಕೇಳುತ್ತದೆ, ನಾವು ಶಾಲೆಯ ಅಭ್ಯಾಸದಲ್ಲಿ 90 ಎಂದು ಬರೆಯುತ್ತೇವೆ. ತೊಂಬತ್ತು ರೇಡಿಯನ್ ಎಂದರೆ 14 ಪೂರ್ತಿ ಸುತ್ತು, ಮೇಲೆ ಸುಮಾರು 117 ಡಿಗ್ರಿ. ಬಾಗಿಲು ತೆರೆಯುತ್ತದೆ, ಆದರೆ ಸ್ವಲ್ಪ ಹೆಚ್ಚೇ ತೆರೆದು ಗೋಡೆಗೆ ಓರೆಯಾಗಿ ನಿಲ್ಲುತ್ತದೆ. ಪೂರ್ತಿ ಕೆಟ್ಟಿದ್ದರೆ ತಪ್ಪು ಹುಡುಕುವುದು ಸುಲಭ. ಹೀಗೆ ಅರೆಬರೆ ಸರಿಯಿರುವುದು ಒಂದು ಸಂಜೆ ಪೂರ್ತಿ ತಿನ್ನುತ್ತದೆ.

ಇನ್ನು ಮನೆ ತಿರುಗಿದ ವಿಚಾರ. ಬಿಡಿ ಪ್ರಿಮ್‌ಗಳನ್ನೆಲ್ಲ ಆರಿಸಿ ಲಿಂಕ್ ಮಾಡಿದರೆ ಅವು ಒಂದೇ ವಸ್ತುವಾಗುತ್ತವೆ. ಹಾಗೆ ಮಾಡುವಾಗ ಕೊನೆಯದಾಗಿ ಆರಿಸಿದ್ದು ರೂಟ್ ಆಗುತ್ತದೆ, ಅಂದರೆ ಮನೆಯ ಯಜಮಾನ. ಯಜಮಾನ ಎತ್ತ ತಿರುಗಿದರೆ ಸಂಸಾರವೆಲ್ಲ ಅತ್ತ. ನಾನು ಬಾಗಿಲನ್ನು ಕೊನೆಗೆ ಆರಿಸಿದ್ದೆ. ನೆಲಹಾಸನ್ನು ಕೊನೆಯದಾಗಿ ಆರಿಸಿ ಲಿಂಕ್ ಮಾಡಬೇಕು, ಬಾಗಿಲಿಗೆ ಯಜಮಾನನಿಗೆ ಹೋಲಿಸಿ ತಿರುಗುವ ಲೋಕಲ್ ರೊಟೇಶನ್ ಆದೇಶ ಕೊಡಬೇಕು. ಅಷ್ಟಾದ ಮೇಲೆ ಮನೆ ನಿಂತಲ್ಲೇ ನಿಂತಿತು.

ಬಾಗಿಲು ಆಯಿತು ಎಂದು ಒಳಗೆ ಹೋದರೆ ಮತ್ತೊಂದು ಸಮಸ್ಯೆ. ನಾನು ಮಾದರಿಗೆ ಇಟ್ಟುಕೊಂಡದ್ದು ನಮ್ಮ ಕಡೆಯ ತೊಟ್ಟಿಮನೆ. ತಲೆಬಾಗಿ ಒಳಗೆ ಹೋಗುವ ಗಿಡ್ಡ ಬಾಗಿಲು, ಕೈಗೆಟಕುವ ಸೂರು. ಅಳತೆಯಲ್ಲಿ ಒಂದಿಂಚೂ ತಪ್ಪಿಲ್ಲ, ಆದರೂ ಒಳಗೆ ಕಾಲಿಟ್ಟರೆ ಪರದೆಯ ತುಂಬ ಹೆಂಚಿನ ಬೆನ್ನು! ಏಕೆಂದರೆ ಅಲ್ಲಿ ನಿಮ್ಮ ಕಣ್ಣು ಅವತಾರದ ಮುಖದಲ್ಲಿಲ್ಲ, ಅದರ ಬೆನ್ನ ಹಿಂದೆ ಕೆಲವು ಅಡಿ ದೂರದಲ್ಲಿ, ತಲೆಗಿಂತ ಮೇಲೆ ತೇಲುತ್ತಿರುತ್ತದೆ. ಗೊಂಬೆ ಒಳಗೆ, ನೋಟ ಹೊರಗೆ. ಅದಕ್ಕೇ ಅಲ್ಲಿನ ಮನೆಗಳ ಸೂರು ನಾಲ್ಕೈದು ಮೀಟರ್ ಎತ್ತರ, ಕೋಣೆಗಳು ಮದುವೆ ಛತ್ರದಷ್ಟು ಅಗಲ. ಮೊದಲ ನೋಟಕ್ಕೆ ಶ್ರೀಮಂತಿಕೆಯ ಪ್ರದರ್ಶನ ಅನ್ನಿಸುತ್ತದೆ, ನಿಜದಲ್ಲಿ ಕ್ಯಾಮೆರಾಕ್ಕೆ ಬಿಟ್ಟ ಜಾಗ. ಮೆಟ್ಟಿಲಿನದೂ ಇಂಥದೇ ಗುಟ್ಟು. ಮೆಟ್ಟಿಲುಗಳ ಮೇಲೆ ಕಣ್ಣಿಗೆ ಕಾಣದ ಒಂದು ಇಳಿಜಾರು ಹಲಗೆ ಇಟ್ಟರೆ ಅವತಾರ್ ಎಡವದೆ ಹತ್ತುತ್ತದೆ.

ಹೆಂಚನ್ನು ಒಂದೊಂದಾಗಿ ಪ್ರಿಮ್‌ನಲ್ಲಿ ಮಾಡುವ ಆಸೆ ಬಿಡಿ, ಲೆಕ್ಕ ಕೂಡುವುದಿಲ್ಲ. ಒಂದು ರೀಜನ್‌ಗೆ ಬಹುಕಾಲ ಇದ್ದ ಮಿತಿ 15,000 ಪ್ರಿಮ್. 512 ಚದರ ಮೀಟರಿನ ಸಣ್ಣ ನಿವೇಶನದ ಪಾಲಿಗೆ ಬರುತ್ತಿದ್ದದ್ದು 117. ಈಗ ಮಿತಿ ಹೆಚ್ಚಿದೆ, ಆದರೂ ಕೈ ಬಿಗಿ ಹಿಡಿಯಲೇಬೇಕು. ಹೆಂಚಿನ ಮಾಡಿನ ಫೋಟೋ ತೆಗೆದು, ಅಂಚಿಗೆ ಅಂಚು ಕೂಡುವಂತೆ ತಿದ್ದಿ, ಒಂದೇ ಹಲಗೆಯ ಮೇಲೆ ಹತ್ತಿಪ್ಪತ್ತು ಸಲ ಮರುಕಳಿಸುವಂತೆ ಅಂಟಿಸಿದರೆ ಮುಗಿಯಿತು.

ಈ ಮಿತಿಗೊಂದು ಇತಿಹಾಸವಿದೆ. ಮೊದಲ ತಿಂಗಳುಗಳಲ್ಲಿ ನೀವು ಇಟ್ಟ ವಸ್ತುಗಳ ಮೇಲೇ ತೆರಿಗೆ ಇತ್ತು. ಹೆಚ್ಚು ಕಟ್ಟಿದವನಿಗೆ ಹೆಚ್ಚು ದಂಡ. 2003ರ ಜುಲೈನಲ್ಲಿ ನಿವಾಸಿಗಳು ದಂಗೆಯೆದ್ದರು. ಬ್ರಿಟಿಷರ ಚಹಾವನ್ನು ಬಾಸ್ಟನ್ ಬಂದರಿನಲ್ಲಿ ನೀರಿಗೆ ಸುರಿದ ಅಮೆರಿಕನ್ನರ ನೆನಪಿನಲ್ಲಿ, ದೊಡ್ಡ ದೊಡ್ಡ ಚಹಾಪೆಟ್ಟಿಗೆಗಳನ್ನು ಮಾಡಿ ಎಲ್ಲೆಂದರಲ್ಲಿ ಪೇರಿಸಿದರು. ವರ್ಷ ಮುಗಿಯುವುದರೊಳಗೆ ಆ ತೆರಿಗೆ ಹೋಯಿತು, ಶುಲ್ಕ ನೆಲದ ಮೇಲೆ ಬಂತು, ನೆಲಕ್ಕೆ ತಕ್ಕಷ್ಟು ಪ್ರಿಮ್ ಎಂದಾಯಿತು. ಅದೇ ವರ್ಷದ ಕೊನೆಗೆ ಇನ್ನೊಂದು ತೀರ್ಮಾನವೂ ಆಯಿತು: ಇಲ್ಲಿ ಮಾಡಿದ ವಸ್ತುವಿನ ಬೌದ್ಧಿಕ ಹಕ್ಕು ಮಾಡಿದವರದೇ. ಹಾಗಾಗಿ ಬಾಗಿಲನ್ನು ಯಾರಿಗಾದರೂ ಕೊಡುವ ಮುಂಚೆ ಮೂರು ಪ್ರಶ್ನೆಗೆ ಉತ್ತರ ಗುರುತು ಮಾಡಬೇಕು. ಪಡೆದವರು ಪ್ರತಿ ತೆಗೆಯಬಹುದೇ, ಬದಲಿಸಬಹುದೇ, ಇನ್ನೊಬ್ಬರಿಗೆ ದಾಟಿಸಬಹುದೇ? ಮೂರಕ್ಕೂ ಹೌದೆಂದು ಮಾರಾಟಕ್ಕಿಟ್ಟವರು ನಾಳೆ ತಮ್ಮ ಬಾಗಿಲು ಪಕ್ಕದ ಅಂಗಡಿಯಲ್ಲಿ ಬಿಟ್ಟಿಗೆ ಸಿಗುವುದನ್ನು ನೋಡಬೇಕಾಗುತ್ತದೆ.

2011ರಿಂದ ಬ್ಲೆಂಡರ್‌ನಂಥ ತಂತ್ರಾಂಶದಲ್ಲಿ ಮಾಡಿದ ಮೆಶ್ ಆಕಾರಗಳನ್ನೂ ಒಳಗೆ ತರಬಹುದು. ಈಗ ಅಂಗಡಿಗಳಲ್ಲಿ ಸಿಗುವ ಚೆಂದದ ವಸ್ತುಗಳೆಲ್ಲ ಬಹುತೇಕ ಅವೇ. ಆದರೆ ಕಲಿಯುವವರು ಪ್ರಿಮ್‌ನಿಂದ ಶುರು ಮಾಡುವುದೇ ಸರಿ ಎಂದು ನನ್ನ ಅಭಿಪ್ರಾಯ, ಹಳಬರ ಹಠ ಎಂದುಕೊಂಡರೂ ಪರವಾಗಿಲ್ಲ. ನೆಲಕ್ಕೆ ದುಡ್ಡು ಸುರಿಯಲು ಇಷ್ಟವಿಲ್ಲದವರಿಗೆ ಓಪನ್‌ಸಿಮ್ಯುಲೇಟರ್ ಇದೆ. 2007ರಲ್ಲಿ ಶುರುವಾದ ಮುಕ್ತ ತಂತ್ರಾಂಶ. ಮನೆಯ ಕಂಪ್ಯೂಟರಿನಲ್ಲೇ ಒಂದು ರೀಜನ್ ನಡೆಸಬಹುದು, ಪ್ರಿಮ್ ಅದೇ, ಸ್ಕ್ರಿಪ್ಟೂ ಬಹುಪಾಲು ಅದೇ.

ಸ್ಯಾಂಡ್‌ಬಾಕ್ಸ್‌ನಲ್ಲಿ ಕಟ್ಟಿದ್ದು ಕೆಲವೇ ಗಂಟೆ ಇರುತ್ತದೆ. ಅವಧಿ ಮುಗಿದರೆ ನೆಲ ಖಾಲಿ. ಹೊರಡುವ ಮುಂಚೆ ಒಂದು ಪ್ರತಿ ತೆಗೆದಿಟ್ಟುಕೊಳ್ಳಿ. ಮರೆತರೂ ಗಾಬರಿ ಬೇಡ, ಲಾಸ್ಟ್ ಅಂಡ್ ಫೌಂಡ್ ಎಂಬ ಚೀಲದೊಳಗೆ ಮನೆ ಒಂದು ಸಾಲಿನ ಹೆಸರಾಗಿ ಮಲಗಿರುತ್ತದೆ. ಮರುದಿನ ಅದನ್ನು ಎಳೆದು ನೆಲಕ್ಕೆ ಬಿಟ್ಟರೆ ಗೋಡೆ, ಮಾಡು, ಜಗುಲಿ ಸಮೇತ ಎದ್ದು ನಿಲ್ಲುತ್ತದೆ. ನಿನ್ನೆ ಬಾಗಿಲು ಮುಚ್ಚದೆ ಹೋಗಿದ್ದರೆ, ತೆರೆದೇ ಇರುತ್ತದೆ.