ಗಡಿಯಾಚೆಗೂ ಉದುರಿದ ಪಾರಿಜಾತ

ನಾರದ ತಂದುಕೊಟ್ಟ ಒಂದೇ ಒಂದು ಪಾರಿಜಾತದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಟ್ಟ. ಸುದ್ದಿ ಸತ್ಯಭಾಮೆಯ ಕಿವಿಗೆ ಬಿತ್ತು. ಭಾಮೆ ಮುನಿದಳು. ಇಷ್ಟು ಚಿಕ್ಕ ಕಥೆಯನ್ನಿಟ್ಟುಕೊಂಡು ಬೆಳಗಾವಿ ಸೀಮೆಯ ಕಲಾವಿದರು ಬೆಳತನಕ ಜನರನ್ನು ಕೂಡಿಸುತ್ತ ಬಂದಿದ್ದಾರೆ. ಅದೇ ಶ್ರೀಕೃಷ್ಣ ಪಾರಿಜಾತ.

ಅಪರಾಳ ತಮ್ಮಣ್ಣ ರಚಿಸಿದ ಕೃತಿಯನ್ನು ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣ ಆಟಕ್ಕೆ ಒಗ್ಗಿಸಿದನೆಂದು ವಿದ್ವಾಂಸರು ಹೇಳುತ್ತಾರೆ. ಹೆಣ್ಣುಪಾತ್ರಗಳನ್ನೂ ಗಂಡಸರೇ ಹಾಕುತ್ತಿದ್ದ ಕಾಲದಲ್ಲಿ ರಂಗಕ್ಕೆ ಬಂದ ಕೌಜಲಗಿಯ ನಿಂಗಮ್ಮ ಅದನ್ನು ಊರೂರಿಗೆ ಒಯ್ದು ಮನೆಮಾತಾಗಿಸಿದಳು.

ಈ ಆಟದ ಗುಟ್ಟು ಎಲ್ಲಿದೆ? ಹಾಡುಗಳು ಗೊತ್ತುಪಡಿಸಿದವು, ಮಾತು ಮಾತ್ರ ಬಹುಮಟ್ಟಿಗೆ ಅಲ್ಲಲ್ಲೇ ಹುಟ್ಟುವಂಥದು. ಹಾಲು, ಮೊಸರು ಮಾರಲು ಬರುವ ಗೊಲ್ಲತಿಗೂ ಭಾಗವತನಿಗೂ ನಡೆಯುವ ಸಂವಾದವನ್ನೇ ನೋಡಿ. ಅದು ದ್ವಾರಕೆಯ ಭಾಷೆಯಲ್ಲ, ನಮ್ಮ ಸಂತೆಯ ಭಾಷೆ. ಆಡುವ ಊರಿನ ಸುದ್ದಿ, ಮುಂದೆ ಕುಳಿತ ಹಿರಿಯರ ಹೆಸರು, ಆ ವರ್ಷದ ಮಳೆ, ಬೆಳೆ ಎಲ್ಲಕ್ಕೂ ಅಲ್ಲಿ ಜಾಗವಿದೆ. ನೋಡುವವನು ತನ್ನನ್ನೇ ರಂಗದ ಮೇಲೆ ಕಾಣುತ್ತಾನೆ. ಕಲಾವಿದ ತನ್ನ ಕಲೆಯನ್ನು ಹಂಚಿಕೊಳ್ಳುವುದೆಂದರೆ ಹೀಗೆ ಇನ್ನೊಬ್ಬರಿಗೆ ಜಾಗ ಬಿಡುವುದೇ ಇರಬೇಕು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಜನರಿಗೆ ಈ ಮಾತು ಇನ್ನಷ್ಟು ಹತ್ತಿರದ್ದು. 1956ರಲ್ಲಿ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದ ಊರುಗಳಿವು. ಮನೆಯಲ್ಲೊಂದು ಭಾಷೆ, ಸಂತೆಯಲ್ಲಿ ಇನ್ನೊಂದು ಇಲ್ಲಿ ಹೊಸದಲ್ಲ. ಗಡಿಯ ವ್ಯಾಜ್ಯ 2004ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೂ ಏರಿತು. ಯಾವುದು ನಮ್ಮದು, ಯಾವುದು ಅವರದು ಎಂಬ ಪ್ರಶ್ನೆ ಕಲೆಯನ್ನೂ ಬಿಟ್ಟಿಲ್ಲ. ಆದರೆ ರಂಗಭೂಮಿಯ ಇತಿಹಾಸ ಹೇಳುವ ಕಥೆಯೇ ಬೇರೆ.

ಕಾಗವಾಡಕ್ಕೆ ಸಮೀಪದ ಸಾಂಗಲಿಗೆ 1842ರಲ್ಲಿ ಉತ್ತರ ಕನ್ನಡದ ಭಾಗವತರ ಮೇಳವೊಂದು ಬಂದು ಆಟ ತೋರಿಸಿತು. ಅದನ್ನು ಮೆಚ್ಚಿದ ಸಂಸ್ಥಾನಿಕ ಚಿಂತಾಮಣರಾವ್ ಪಟವರ್ಧನರು, ಇಂಥದೇ ಆಟ ಮರಾಠಿಯಲ್ಲೂ ಆಗಲೆಂದು ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರ ನವೆಂಬರ್ 5ರಂದು ‘ಸೀತಾ ಸ್ವಯಂವರ’ ರಂಗಕ್ಕೆ ಬಂತು. ಆ ದಿನವನ್ನೇ ಮರಾಠಿಗರು ಇಂದಿಗೂ ರಂಗಭೂಮಿ ದಿನವೆಂದು ಆಚರಿಸುತ್ತಾರೆ. ಮುಂದೆ 1880ರಲ್ಲಿ ‘ಶಾಕುಂತಲ’ದ ಮೂಲಕ ಮರಾಠಿ ಸಂಗೀತ ನಾಟಕಕ್ಕೆ ನೆಲೆ ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ.

ಕೊಟ್ಟದ್ದು ಬೇರೆ ರೂಪದಲ್ಲಿ ಮರಳಿ ಬಂತು. ಮರಾಠಿ ಕಂಪನಿಗಳು ನಮ್ಮ ಊರುಗಳಲ್ಲಿ ಬೀಡುಬಿಟ್ಟವು. ಅವರ ರಂಗಸಂಗೀತಕ್ಕೆ ಕನ್ನಡಿಗರೂ ಮನಸೋತರು. ಇದರಿಂದ ಕನ್ನಡ ಕಳೆದುಹೋದೀತೆಂಬ ಆತಂಕವೂ ಹುಟ್ಟಿತು. ಗದಗಿನಲ್ಲಿ ಶಾಂತಕವಿಗಳು ಕನ್ನಡ ನಾಟಕ ಮಂಡಳಿ ಕಟ್ಟಿದ್ದು ಆ ಆತಂಕದಿಂದಲೇ. ಆತಂಕ ಸುಳ್ಳಲ್ಲ. ಆದರೆ ಅವರು ಬಾಗಿಲು ಮುಚ್ಚಿ ಕೂಡಲಿಲ್ಲ, ತಾವೂ ಆಡಿ ತೋರಿಸಿದರು. ಅದರಿಂದ ಲಾಭವಾದದ್ದು ಕನ್ನಡಕ್ಕೆ.

ಇಂದು ಬೆಳತನಕ ನಡೆಯುತ್ತಿದ್ದ ಪಾರಿಜಾತ ಹಲವು ಕಡೆ ಎರಡು ಮೂರು ತಾಸಿಗೆ ಇಳಿದಿದೆ. ಅವಸರದಲ್ಲಿ ಮೊದಲು ಮೊಟಕಾಗುವುದು ಊರಿನವರೊಡನೆ ಆಡುವ ಆ ಬಿಡುಮಾತು. ಹಾಡು ಉಳಿದು ಮಾತು ಹೋದರೆ ಆಟ ಉಳಿದೀತು, ನಂಟು ಉಳಿಯಲಾರದು.

ಭಾಮೆಯ ಹಟಕ್ಕೆ ಮಣಿದು ಕೃಷ್ಣ ಪಾರಿಜಾತದ ಗಿಡವನ್ನೇ ತಂದು ಅವಳ ಅಂಗಳದಲ್ಲಿ ನೆಟ್ಟನಂತೆ. ಗಿಡ ಬೆಳೆದು ಹೂ ಬಿಟ್ಟಿತು. ಆದರೆ ಹೂ ಉದುರಿದ್ದು ರುಕ್ಮಿಣಿಯ ಅಂಗಳದಲ್ಲಿ ಎಂದು ಹಿರಿಯರು ಹೇಳುತ್ತಾರೆ. ಬೇರು ಯಾರ ಹಿತ್ತಲಲ್ಲಿದೆ ಎಂದು ಜಗಳವಾಡುವವರು ಈ ಕಥೆಯ ಕೊನೆಯನ್ನೂ ನೆನೆಯುವುದು ಒಳಿತು.