ಹಿಂದಕ್ಕೆ ಮರಳಲು ಮುಂದಕ್ಕೇ ಬರೆಯಬೇಕು

2001ರ ಜನವರಿಯಲ್ಲಿ ವಿಕಿಪೀಡಿಯ ಶುರುವಾದಾಗ ಅದನ್ನು ನಡೆಸುತ್ತಿದ್ದದ್ದು ಯೂಸ್‌ಮಾಡ್‌ವಿಕಿ ಎಂಬ ಪುಟ್ಟ ತಂತ್ರಾಂಶ. ಅದಕ್ಕೆ ಡೇಟಾಬೇಸ್ ಇರಲಿಲ್ಲ, ಪುಟಗಳೆಲ್ಲ ಸಾದಾ ಫೈಲುಗಳು. ಹಳೆಯ ಆವೃತ್ತಿಗಳನ್ನು ಅದು ಕೆಲಕಾಲ ಇಟ್ಟುಕೊಂಡು ಆಮೇಲೆ ಬಿಸಾಡುತ್ತಿತ್ತು. ಹೀಗಾಗಿ ವಿಶ್ವಕೋಶದ ಮೊದಮೊದಲ ತಿದ್ದುಪಡಿಗಳು ಕಳೆದೇ ಹೋದವು ಎಂದುಕೊಳ್ಳಲಾಗಿತ್ತು. 2010ರ ಡಿಸೆಂಬರ್‌ನಲ್ಲಿ ಟಿಮ್ ಸ್ಟಾರ್ಲಿಂಗ್ ಎಂಬ ತಂತ್ರಜ್ಞರ ಕಣ್ಣಿಗೆ ಹಳೆಯ ಬ್ಯಾಕಪ್ ಬಿತ್ತು. 2001ರ ಆಗಸ್ಟ್‌ವರೆಗಿನ ತಿದ್ದುಪಡಿಗಳು ಅದರಲ್ಲಿದ್ದವು. ಅಷ್ಟು ಮುಖ್ಯವಾದ ದಾಖಲೆ ಅದೃಷ್ಟದ ಬಲದಿಂದ ಉಳಿದದ್ದು ನನಗೆ ಈಗಲೂ ಕಳವಳ ತರುತ್ತದೆ.

2002ರಲ್ಲಿ ವಿಕಿಪೀಡಿಯ ಡೇಟಾಬೇಸ್ ಬಳಸುವ ಹೊಸ ತಂತ್ರಾಂಶಕ್ಕೆ ಬಂತು. ಆ ತಂತ್ರಾಂಶಕ್ಕೆ ಮುಂದೆ ಮೀಡಿಯಾವಿಕಿ ಎಂಬ ಹೆಸರಾಯಿತು. ಕನ್ನಡ ವಿಕಿಪೀಡಿಯ ನಡೆಯುವುದೂ ಅದರಲ್ಲೇ. ಮೊದಲು ಎರಡು ಕೋಷ್ಟಕಗಳಿದ್ದವು: ಒಂದರಲ್ಲಿ ಈಗಿನ ಪಠ್ಯ, ಇನ್ನೊಂದರಲ್ಲಿ ಹಳೆಯವು. ಪುಟದ ಶೀರ್ಷಿಕೆ ಪ್ರತಿ ಹಳೆಯ ಸಾಲಿನಲ್ಲೂ ಇದ್ದುದರಿಂದ, ಸಾವಿರಾರು ಬಾರಿ ತಿದ್ದಿದ ಪುಟದ ಹೆಸರು ಬದಲಿಸಬೇಕೆಂದರೆ ಸಾವಿರಾರು ಸಾಲುಗಳನ್ನು ಮುಟ್ಟಬೇಕಿತ್ತು. 2005ರ 1.5ನೇ ಆವೃತ್ತಿ ಇದನ್ನು ಬಿಡಿಸಿತು. ಪುಟಕ್ಕೊಂದು, ತಿದ್ದುಪಡಿಗೊಂದು, ಪಠ್ಯಕ್ಕೊಂದು ಕೋಷ್ಟಕ. ಯಾರು, ಯಾವಾಗ, ಏಕೆ ತಿದ್ದಿದರು ಎಂಬುದೆಲ್ಲ ಆಗ ಎರಡನೆಯದರಲ್ಲಿತ್ತು. ಪುಟದ ಸಾಲು ಇತ್ತೀಚಿನ ತಿದ್ದುಪಡಿಯ ಸಂಖ್ಯೆಯನ್ನು ಹಿಡಿದುಕೊಂಡಿರುತ್ತದೆ. ಪ್ರತಿ ಸಲವೂ ಉಳಿಸುವುದು ಪೂರ್ತಿ ಪಠ್ಯ. ಎರಡು ಆವೃತ್ತಿಗಳ ವ್ಯತ್ಯಾಸವನ್ನು ಓದುಗ ಕೇಳಿದಾಗ ತಂತ್ರಾಂಶ ಲೆಕ್ಕ ಹಾಕಿ ತೋರಿಸುತ್ತದೆ. ಜಾಗ ಹೆಚ್ಚು ಬೇಕು, ನಿಜ. ಆದರೆ ನಡುವಿನ ಒಂದು ಆವೃತ್ತಿ ಕೆಟ್ಟರೂ ಉಳಿದವಕ್ಕೆ ತೊಂದರೆಯಿಲ್ಲ.

ಇನ್ನು ಹಿಂದಿನ ಸ್ಥಿತಿಗೆ ಮರಳಿಸುವ ‘ರೋಲ್‌ಬ್ಯಾಕ್’. ಇಲ್ಲಿ ಏನನ್ನೂ ಅಳಿಸುವುದಿಲ್ಲ. ಲೆಕ್ಕದ ಪುಸ್ತಕದಲ್ಲಿ ತಪ್ಪಾದ ಸಾಲನ್ನು ಹಾಗೇ ಬಿಟ್ಟು ಕೆಳಗೆ ತಿದ್ದುಪಡಿ ನಮೂದು ಹಾಕುವಂತೆ, ಹಳೆಯ ಪಠ್ಯವೇ ಹೊಸ ಆವೃತ್ತಿಯಾಗಿ ಕೊನೆಗೆ ಸೇರುತ್ತದೆ. ಕೊನೆಯ ಸಂಪಾದಕ ಒಂದರ ಹಿಂದೊಂದು ಐದು ಸಲ ಕೆಡಿಸಿದ್ದರೆ ಒಂದೇ ಒತ್ತಿಗೆ ಐದೂ ಹೋಗಿ, ಅದಕ್ಕೆ ಮುಂಚೆ ಬೇರೊಬ್ಬರು ಬಿಟ್ಟುಹೋದ ಪಠ್ಯ ಬರುತ್ತದೆ. ನೀವು ಒತ್ತುವಷ್ಟರಲ್ಲಿ ಮತ್ತೊಬ್ಬರು ಪುಟ ತಿದ್ದಿದ್ದರೆ ತಂತ್ರಾಂಶ ನಿರಾಕರಿಸುತ್ತದೆ. ತಮ್ಮ ಆ್ಯಪ್‌ಗೆ ಈ ಸೌಲಭ್ಯ ಸೇರಿಸುವವರು ಬಹಳ ಸಲ ಮರೆಯುವುದು ಈ ಕೊನೆಯ ತಪಾಸಣೆಯನ್ನೇ. ಅದಿಲ್ಲದಿದ್ದರೆ ಯಾರದೋ ಒಳ್ಳೆಯ ಕೆಲಸ ಸದ್ದಿಲ್ಲದೆ ಮುಚ್ಚಿಹೋಗುತ್ತದೆ.

ಎಲ್ಲವನ್ನೂ ಉಳಿಸುವುದಕ್ಕೆ ಇನ್ನೊಂದು ಮುಖವಿದೆ. 2005ರ ಮೇ ತಿಂಗಳಲ್ಲಿ ಅಮೆರಿಕದ ಪತ್ರಕರ್ತ ಜಾನ್ ಸೀಗೆನ್‌ಥಾಲರ್ ಅವರ ಪುಟದಲ್ಲಿ ಅನಾಮಧೇಯರೊಬ್ಬರು, ಕೆನಡಿ ಸಹೋದರರ ಹತ್ಯೆಗಳಲ್ಲಿ ಇವರ ಮೇಲೂ ಶಂಕೆಯಿತ್ತು ಎಂಬ ಸುಳ್ಳನ್ನು ಸೇರಿಸಿದರು. ಅದು ನಾಲ್ಕು ತಿಂಗಳು ಹಾಗೇ ಇತ್ತು. ಪುಟವನ್ನು ತಿದ್ದಿದರೂ ಸುಳ್ಳು ಇತಿಹಾಸದಲ್ಲಿ ಓದಲು ಸಿಗುತ್ತಲೇ ಇತ್ತು; ಕೊನೆಗೆ ಆ ಆವೃತ್ತಿಗಳನ್ನೇ ಸಾರ್ವಜನಿಕರ ಕಣ್ಣಿಂದ ಮರೆಮಾಡಬೇಕಾಯಿತು. ಇಂದು ಮೀಡಿಯಾವಿಕಿಯಲ್ಲಿ ನಿರ್ವಾಹಕರು ಒಂದೊಂದೇ ಆವೃತ್ತಿಯನ್ನು ಆರಿಸಿ ಅದರ ಪಠ್ಯ, ಷರಾ ಅಥವಾ ಬರೆದವರ ಹೆಸರನ್ನು ಬೇರೆಬೇರೆಯಾಗಿ ಮುಚ್ಚಬಹುದು. ಹಾಗೆ ಮುಚ್ಚಿದರೂ ಪಟ್ಟಿಯಲ್ಲಿ ಆ ಸಾಲು ಉಳಿಯುತ್ತದೆ, ಮುಚ್ಚಿದ ಭಾಗಕ್ಕೆ ಅಡ್ಡಗೆರೆ ಬಿದ್ದಿರುತ್ತದೆ.